ನನ್ನ ಪೇಪರ್ ತಗೀರಿ

ರಾಣೆಬೆನ್ನೂರು, ಮಂಗಳವಾರ

ಪ್ರಿನ್ಸಿಪಾಲ್ ಕನಕರಾಜ ಸಾಹೇಬ್ರಿಗೆ ಉಡಚಪ್ಪ ಮಾಸ್ತರನ ನಮಸ್ಕಾರ.

ನಾ ಕಲಿಸೂ ಹಾಸ್ಯದ ಪೇಪರ್ ತಗದುಬಿಡ್ರಿ ಅಂತ ಕಾಲೇಜಿನ ಪಠ್ಯಕ್ರಮದ ಸಾಫ್ಟ್‌ವೇರಿನ್ಯಾಗ ಅರ್ಜಿ ಹಾಕಿದ್ದೆ. ನೀವು 'ಮತ್ತ ಚ್ಯಾಷ್ಟಿ ಏನ್ರಿ?' ಅಂತ ಬರದು ವಾಪಸ್ ಕಳಿಸೀರಿ. ಹೋದ ವರ್ಷ ಚಹಾ ಕುಡಿಯೂ ಪ್ರಾಕ್ಟಿಕಲ್ ಬೇಕಂತ ಹಾಕಿದಾವ ನಾನ, ನಿಮ್ಮ ತಪ್ಪಿಲ್ಲ ಬಿಡ್ರಿ.

ಈ ಸಲ ಖರೇನ ಐತ್ರಿ. ನಿವೃತ್ತಿ ಆದಮ್ಯಾಲೂ ನೀವು ಪ್ರೀತಿಲೆ ಕೊಟ್ಟ ನನ್ನ ಪಾಠದ ತಾಸು ಖಾಲಿ ಆದ್ರ, ನಿರ್ಮಲಾ ಮೇಡಂ ಅವರ ಮೆಣಸಿನಕಾಯಿ ಬೆಳಿ ಕೋರ್ಸಿಗೆ ಜಾಗಾ ಸಿಗತೈತಿ, ತಾಸಿಲ್ದ ಹೋಗೂ ಅವರ ನೌಕರಿನೂ ಉಳೀತೈತಿ. ನಗಿ ಹೋಗಲಿ, ಹೊಗಿ ಬರಲಿ.

ಶನಿವಾರದೊಳಗ ಒಪ್ಪಿಗಿ ಗುಂಡಿ ಒತ್ರಿ. ಮತ್ತ ಅವರ ಕ್ಲಾಸಿನ್ಯಾಗ ಹಿಂದಿನ ಬೆಂಚಿನ ಮ್ಯಾಲೆ ನನಗೊಂದು ಜಾಗಾ ಇಡ್ರಿ. ಸೀನೂದಿಲ್ಲ. ಕಾಲೇಜಿಗೆ ಬರಾಕ ಬ್ಯಾಡಗಿ ಬಸ್ ಹತ್ತೂದು ಬಿಟ್ರ ಮುಂಜಾನಿ ಹೆಂಗ ಕಳೀಬೇಕೋ ನನಗ ತಿಳಿವಲ್ದು.

ಇನ್ನೂ ನಿಮ್ಮವನ,
ಉಡಚಪ್ಪ