ಶಿವಗಂಗಾಳ ಎಡತೋಳು

ಅವ್ವಾ,

ನಾಳೆ ತಂಗಿ ಶಿವಗಂಗಾಳ ಮದುವೆ. ನಿನ್ನ ಮದುವೆಯ ಜರಿಹೂವಿನ ಸೀರೆ ಕತ್ತರಿಸಿ ನೀನು ಅವಳಿಗೆ ಕೈಯಲ್ಲೇ ಹೊಲಿಯುತ್ತಿದ್ದ ಕುಪ್ಪಸಕ್ಕೆ ಎಡತೋಳೊಂದು ಬಾಕಿ ಇತ್ತು. ಅಷ್ಟರಲ್ಲಿ ನೀನು ಹೋಗಿಬಿಟ್ಟೆ. ಅವ್ವನ ಹೊಲಿಗೆಗೆ ಪರರ ಕೈ ತಾಗಬಾರದೆಂದು ಶಿವಗಂಗಾ ಹಟ ಹಿಡಿದಳು. ನಮ್ಮ ಬಡಾವಣೆ ಕುಷಾಯಿಗೂಡದ ಟೈಲರನಿಗೂ ಕೊಡಲಿಲ್ಲ. ಕೊನೆಗೆ ನಾನೇ ಕೂತೆ.

ಸೂಜಿ ಹೆಣ್ಣಿನ ಬೇಡಿ ಎಂದು ಕರಪತ್ರ ಹಿಡಿದು ನಿನ್ನೆದುರು ಕೂಗಾಡಿದವಳು ನಾನು. ಈಗಲೂ ಅದನ್ನೇ ನಂಬುತ್ತೇನೆ. ಆದರೆ ಇವತ್ತು ಬಲತೋಳಿನ ಕಾಗದದ ಅಳತೆಯನ್ನು ಮಗುಚದೆ ಹಾಗೇ ಇಟ್ಟು ಕೊನೆಯ ತುಂಡನ್ನು ಕತ್ತರಿಸಿದೆ. ಅದೂ ಬಲತೋಳೇ ಆಯಿತು. ತಿರುವಿ ಹಚ್ಚಿದರೆ ಜರಿಹೂವು ಒಳಗಾಗಿ ಬರೀ ದಾರ ಕಾಣುತ್ತದೆ. ಸೀರೆ ಮುಗಿದಿದೆ.

"ಅಕ್ಕಾ, ನನಗ ಎರಡೂ ಬಲಗೈ ಅದಾವೇನ? ನಿನ್ನ ಪುಸ್ತಕದಾಗ ಇದನ್ನ ಬರದಿಲ್ಲೇನು?" ಎಂದು ನಕ್ಕ ಶಿವಗಂಗಾ, ನಗುತ್ತಲೇ ಅತ್ತಳು. ಆಮೇಲೆ ಟ್ರಂಕಿನ ತಳದಿಂದ ಇನ್ನೊಂದು ಕುಪ್ಪಸ ತೆಗೆದಳು. ಅದೇ ಸೀರೆಯದು, ಪೂರ್ತಿ ಹೊಲಿದದ್ದು.

"ಇದು ಅವ್ವ ನಿನಗಂತ ಹೊಲದಿಟ್ಟಾಳ. ಅಕ್ಕಗ ಹೇಳಬ್ಯಾಡ, ಅಕಿ ಸಿಟ್ಟಾಗ್ತಾಳ ಅಂದಿದ್ಲು. ನೀ ಹೆಂಗೂ ಲಗ್ನ ಆಗಂಗಿಲ್ಲ ಅಂತೀ. ಇದರ ಮೈ ನಿನ್ನ ಅಳತೀದು, ನನಗ ಆಗಂಗಿಲ್ಲ; ಎಡತೋಳಷ್ಟ ಬಿಚ್ಚಿಕೊಡು."

ಅರಿಶಿನ ಹಚ್ಚುವವರು ಹೊರಗೆ ಬಂದು ಕೂತಿದ್ದಾರೆ. ಆಗಿನಿಂದ ಬ್ಲೇಡು ಹಿಡಿದಿದ್ದೇನೆ, ಒಂದು ಎಳೆಯೂ ಸಡಿಲಾಗುತ್ತಿಲ್ಲ. ಎಷ್ಟು ಸಣ್ಣ ಹೊಲಿಗೆ ಹಾಕಿದ್ದೀಯವ್ವಾ. ಗಂಟು ಎಲ್ಲಿ ಹಾಕಿದ್ದೀ? ಅದೊಂದನ್ನು ಹೇಳು.