ಹಾನರಾ ಹೆಸರಿದ್ದ ಉಯಿಲು

ಕಿಲ್‌ಬ್ರೇ ಹೌಸ್, ಲಿಮರಿಕ್ ಜಿಲ್ಲೆ
9 ನವೆಂಬರ್ 1922

ನನ್ನ ಹೆಟ್ಟಿಗೆ, ನಾಲ್ಕು ವರ್ಷದ ಮೌನದ ನಂತರ ನಿನ್ನ ಅಮ್ಮ ಬರೆಯುತ್ತಿದ್ದೇನೆ.

ನಿನ್ನ ಅಪ್ಪ ಕಳೆದ ತಿಂಗಳು ತೀರಿಕೊಂಡರು. ನಿನಗೆ ತಂತಿ ಕಳಿಸಬಾರದೆಂದು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಮಣ್ಣು ಮಾಡುವ ದಿನ ಮಳೆ. ಬಂದವರು ಬೆರಳೆಣಿಕೆಯ ಜನ. ನಮ್ಮಂಥ ಪ್ರೊಟೆಸ್ಟಂಟ್ ಜಮೀನ್ದಾರರಲ್ಲಿ ಅರ್ಧ ಮಂದಿ ಆಗಲೇ ಇಂಗ್ಲೆಂಡಿಗೆ ಹೊರಟುಹೋಗಿದ್ದಾರೆ.

ಓಡೆಲ್ ಮನೆತನದ ವಂಶಾವಳಿಯನ್ನು ಅಚ್ಚು ಹಾಕಿಸುವ ಹುಚ್ಚು ಅವರಿಗೆ ಹತ್ತಿದ್ದು ನೀನು ಹೋದ ಮೇಲೆ. ಕಳೆದ ವರ್ಷ ವಸಂತದಲ್ಲಿ ಹಳೆಯ ಉಯಿಲುಗಳನ್ನು ನೋಡಲು ಡಬ್ಲಿನ್‌ನ ಸರಕಾರಿ ದಾಖಲೆಗಳ ಕಟ್ಟಡಕ್ಕೆ ಹೋದೆವು. ಅವರ ಕಣ್ಣು ಮಂಜಾಗಿತ್ತು, ಓದುವ ಕೆಲಸ ನನ್ನದು. ಅವರ ಮುತ್ತಜ್ಜ, ಕಿಲ್‌ಬ್ರೇಯ ಹರ್ಕ್ಯುಲಿಸ್ ಓಡೆಲ್ ಬರೆಸಿದ ಉಯಿಲು ಸಿಕ್ಕಿತು. "ನನ್ನ ಹಾಲುಮನೆಯಲ್ಲಿ ದುಡಿದು, ಆಮೇಲೆ ಕ್ಯಾಥೊಲಿಕ್ ಪಾದ್ರಿಯ ಮುಂದೆ ನನ್ನ ಹೆಂಡತಿಯಾದ ಹಾನರಾ ಸ್ಲಾಟರಿಗೂ, ಅವಳ ಹೊಟ್ಟೆಯಲ್ಲಿ ಹುಟ್ಟಿದ ನನ್ನ ಒಬ್ಬನೇ ಮಗ ಜಾನ್‌ಗೂ" ಎಂದಿತ್ತು. ಆ ಜಾನ್ ನಿನ್ನ ಅಪ್ಪನ ಅಜ್ಜ.

"ಇನ್ನೊಂದ್ಸಲ ಓದು," ಎಂದರು. ಓದಿದೆ.

"ಇವನು ಬೇರೆ ಯಾರೋ ಓಡೆಲ್ ಇರ್ಬೇಕು."

ಅಲ್ಲಿನ ಗುಮಾಸ್ತ ಮೆಲ್ಲಗೆ, "ಕಿಲ್‌ಬ್ರೇಲಿ ಆ ಹೆಸರಿನ ಮನೆ ಒಂದೇ ಅಲ್ವಾ ಸಾಹೇಬ್ರೆ?" ಎಂದ. ನಿನ್ನ ಅಪ್ಪ ಟೋಪಿ ತೆಗೆದುಕೊಂಡು ಎದ್ದರು.

ಊರಿಗೆ ಬಂದ ಮೇಲೆ ಊಟದ ಮೇಜಿನಲ್ಲಿ ನಾನು ಕೇಳಿಯೇಬಿಟ್ಟೆ: "ಹಾಗಾದ್ರೆ ನಮ್ಮ ಹೆಟ್ಟಿ ಕ್ಯಾಥೊಲಿಕ್ ಮೇಷ್ಟ್ರನ್ನ ಮದುವೆಯಾಗಿ ಮಾಡಿದ ಹೊಸ ಅಪರಾಧ ಏನು?" ಅವರು ಫೋರ್ಕ್ ಕೆಳಗಿಟ್ಟರು. ಅಂದಿನಿಂದ ಅವರ ಊಟ ಅವರ ಕೋಣೆಗೇ ಹೋಯಿತು.

ಈ ಬೇಸಿಗೆಯಲ್ಲಿ ಅಂತರ್ಯುದ್ಧದ ಡಬ್ಲಿನ್ ಕಾಳಗದಲ್ಲಿ ಆ ದಾಖಲೆಗಳ ಕಟ್ಟಡ ಸುಟ್ಟುಹೋಯಿತಲ್ಲ, ಆ ಸುದ್ದಿಯನ್ನು ಪತ್ರಿಕೆಯಲ್ಲಿ ಅವರಿಗೆ ಓದಿ ಹೇಳಿದವಳೂ ನಾನೇ. ಕರಕಲು ಕಾಗದದ ಚೂರುಗಳು ಆ ಊರ ತುಂಬ ಉದುರಿದವಂತೆ.

"ಉಯಿಲುಗಳೂ ಹೋದ್ವಾ?"

"ಹೋದವಂತೆ."

ಅವತ್ತು ಅವರು ಕೆಳಗಿಳಿದು ಬಂದು ನನ್ನ ಜೊತೆ ಕೂತು ಎರಡು ಸಲ ಮಾಂಸ ಬಡಿಸಿಕೊಂಡು ಉಂಡರು. ಅಷ್ಟು ಹಗುರಾಗಿದ್ದ ಅವರ ಮುಖವನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಮರುದಿನವೇ ನಮ್ಮ ಪಾದ್ರಿಯನ್ನು ಕೂರಿಸಿಕೊಂಡು, ಜಾನ್‌ನ ತಾಯಿ ಕಾರ್ಕ್ ಪಟ್ಟಣದ ಒಬ್ಬ ದೊಡ್ಡ ಮನುಷ್ಯನ ಮಗಳು ಎಂದು ವಂಶಾವಳಿಯಲ್ಲಿ ಬರೆಸಿದರು. ನಾನು ಪಕ್ಕದಲ್ಲೇ ಹೆಣಿಗೆ ಹಾಕುತ್ತ ಕೂತಿದ್ದೆ.

ನಿನ್ನ ಅಪ್ಪ ತೀರಿಕೊಂಡ ಮೇಲೆ ಅಚ್ಚಿನ ಕರಡು ಬಂತು. ಕೊನೆಯ ಪುಟದಲ್ಲಿ ನಿನ್ನ ಹೆಸರು, ಅದರ ಮುಂದೆ "ಮದುವೆಯಾಗದೆ ಮೃತಳಾದಳು" ಎಂದು. ಇದನ್ನು ಯಾವಾಗ ಬರೆಸಿದರೋ ನನಗೆ ತಿಳಿಯದು.

ಬಂಡಾಯಗಾರರು ರೈಲು ಸೇತುವೆ ಒಡೆದಿದ್ದಾರೆ. ಕುದುರೆಗಾಡಿಯಲ್ಲೇ ಲಿಮರಿಕ್ ಪಟ್ಟಣದ ಅಚ್ಚುಕೂಟಕ್ಕೆ ಹೋದೆ. ಮುದ್ರಕ ಒಳ್ಳೆಯವನು, ಆದರೆ ಹೆದರುವವನು. "ನಿಮ್ಮ ಯಜಮಾನ್ರು, ಕರ್ನಲ್ ಸಾಹೇಬ್ರೇ ಸಹಿ ಹಾಕಿ ಕಳ್ಸಿದ್ದಾರೆ. ತೀರಿಕೊಂಡವರ ಮಾತನ್ನ ಹೇಗಮ್ಮಾ ತಿದ್ದೋದು?" ಎಂದ.

"ಬದುಕಿರೋಳನ್ನ ಸತ್ತಳು ಅಂತ ಹಾಕೋಕೆ ಕೈ ಬರುತ್ತೇನಪ್ಪಾ?" ಎಂದೆ.

ಅವನು ಪೆನ್ಸಿಲ್ ತೆಗೆದುಕೊಂಡ. ಜಾನ್‌ನ ತಾಯಿ ಹಾನರಾ ಸ್ಲಾಟರಿ, ಹಾಲುಮನೆಯ ಹೆಂಗಸು ಎಂದು ಮೊದಲು ಬರೆಸಿದೆ. ಆಮೇಲೆ ನಿನ್ನ ಸಾಲು ಹೊಡೆಸಿ, ಮಾರ್ಟಿನ್ ಕಾನ್ಸಿಡೀನ್‌ನ ಹೆಂಡತಿ ಎಂದು ಬರೆಸಿದೆ. "ಮಕ್ಕಳು?" ಎಂದು ಅವನು ಕೇಳಿದ. ಹೆಟ್ಟಿ, ನನಗೆ ಉತ್ತರ ಗೊತ್ತಿರಲಿಲ್ಲ. ಅಂಗಡಿಯ ತುಂಬ ಜನರೆದುರು ತಲೆ ತಗ್ಗಿಸಿ ನಿಂತೆ. ಈ ತಿಂಗಳ ಕೊನೆಯವರೆಗೆ ಆ ಪುಟವನ್ನು ತಡೆದಿಡುತ್ತೇನೆ ಎಂದಿದ್ದಾನೆ. ಮಕ್ಕಳಿದ್ದರೆ ಅವರ ಹೆಸರನ್ನಷ್ಟೇ ಬರೆದು ಕಳಿಸು. ನನ್ನ ಬಗ್ಗೆ ಏನೂ ಬರೆಯದಿದ್ದರೂ ಸರಿ.

ನಿನ್ನ ಅಮ್ಮ,
ಜಾರ್ಜಿನಾ ಓಡೆಲ್

ಮರೆತ ಮಾತು: ಕೊನೆಗಳಿಗೆಯಲ್ಲಿ ಅಪ್ಪ ನಿನ್ನ ಹೆಸರು ಹೇಳಿದರು ಎಂದು ಮೊದಲು ಒಂದು ಕಾಗದ ಬರೆದಿದ್ದೆ. ಅದನ್ನು ಹರಿದು ಹಾಕಿದೆ. ಅವರು ಹೇಳಿದ್ದು, "ಚಳಿ, ಕಿಟಕಿ ಹಾಕು," ಎಂದಷ್ಟೇ.