ಕುಳ್ಳ ಆಲದ ಬುಡದ ಜೇಡ

22 ಜುಲೈ 1957, ಸೋಮವಾರ

ಮತ್ತೆ ಬಲೆ. ನಿನ್ನೆ ತೆಂಗಿನ ಕಡ್ಡಿಗೆ ಸುತ್ತಿ ತೆಗೆದಿದ್ದೆ. ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಹೊಸದು. ಕ್ರೋಟನ್ ಕುಂಡಗಳಲ್ಲಿ, ಗುಲಾಬಿಯಲ್ಲಿ, ಕಡೆಗೆ ತುಳಸಿಯಲ್ಲೂ ಜೇಡ. ರಾಜಾಜಿನಗರದಲ್ಲಿ ಖಾಲಿ ಸೈಟಿಗೇನು ಬರವೆ? ಇಲ್ಲಿಂದ ಲಗ್ಗೆರೆ ತನಕ ಬಯಲು ಬಿದ್ದಿದೆ. ಇವಕ್ಕೆ ನನ್ನ ಜಗಲಿಯೇ ಆಗಬೇಕು.

ಆಲದಲ್ಲೇ ಹೆಚ್ಚು. ಅದನ್ನು ಈ ಸಲ ಲಾಲ್‌ಬಾಗಿನ ಫ್ಲವರ್ ಷೋಗೆ ಇಡುವುದೆಂದು ತೀರ್ಮಾನವಾಗಿದೆ. ತೀರ್ಮಾನ ನನ್ನದೇ. ಜಪಾನಿನವರು ಇಂಥದಕ್ಕೆ ಬೋನ್ಸಾಯ್ ಎನ್ನುತ್ತಾರಂತೆ. ನಾನು ಮಾಡಿದ್ದಿಷ್ಟು — ಅಗಲ ಬಾಯಿಯ ಮಣ್ಣಿನ ತಟ್ಟೆ, ಆಗಾಗ ಬೇರು ಕತ್ತರಿಸುವುದು, ಕೊಂಬೆಗೆ ತಂತಿ. ಮೊಳದುದ್ದದ ಮರ, ಬಿಳಲು ಕೂಡ ಬಿಟ್ಟಿದೆ. ಮಗಳು ಸತ್ಯವತಿ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಗೋಡೆಯ ಬಿರುಕಿನಿಂದ ಕಿತ್ತು ತಂದ ಸಸಿ. ಲಕ್ಷ್ಮಿದೇವಮ್ಮನವರಿಗೆ, ಅಂದರೆ ನನ್ನ ಹೆಂಡತಿಗೆ, ಅದು ಇಂದಿಗೂ 'ಕುಂಟ ಮರ'.

ಫ್ಯಾಕ್ಟರಿಗೆ ಹೊತ್ತಾಯಿತು. ಸತ್ಯ ಇವತ್ತೂ ಮಾತಾಡಲಿಲ್ಲ.

24 ಜುಲೈ, ಬುಧವಾರ. ಸಂಜೆ

ಕುಂಡಗಳ ವಿಷಯ ಬರೆಯುವುದು ಸುಲಭ. ಅದಕ್ಕೇ ಅದನ್ನೇ ಬರೆಯುತ್ತಿದ್ದೇನೆ ಅನ್ನಿಸುತ್ತದೆ.

ಸತ್ಯ ಹೆರಿಗೆಗೆಂದು ತವರಿಗೆ ಬಂದವಳು. ಚೊಚ್ಚಲು. ಮಗು ಹುಟ್ಟಿದಾಗಲೇ ಉಸಿರಿರಲಿಲ್ಲ. ಅವಳಿಗೆ ಜ್ಞಾನ ಬರುವಷ್ಟರಲ್ಲಿ ನಾನು, ಅಳಿಯ ಅಂಜಿನಯ್ಯ ಹೋಗಿ ಮಣ್ಣು ಮಾಡಿ ಬಂದಿದ್ದೆವು. ಅವಳು ಏನೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಮಗು ಇಲ್ಲ, ಬಾಣಂತನ ಮಾತ್ರ ಚಾಚೂ ತಪ್ಪದೆ ನಡೆಯುತ್ತಿದೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ, ಕಿಟಕಿ ಮುಚ್ಚಿದ ಕೋಣೆ. ಎದೆಹಾಲು ಇಂಗಲೆಂದು ಮಲ್ಲಿಗೆ ಕಟ್ಟಿದ್ದರು. ಇದನ್ನೆಲ್ಲ ತಂದೆಯಾದವನು ಬರೆಯಬಾರದೇನೋ. ಆದರೆ ಹೂ ತಂದುಕೊಟ್ಟವನು ನಾನೇ.

ಮೊದಲ ದಿನ ಒಮ್ಮೆ ಅವಳ ತುಟಿ ನಡುಗಿತು. ಇವಳು, ಅವಳ ಅಮ್ಮ, ತಕ್ಷಣ ಗಲ್ಲ ಹಿಡಿದು, "ಹಸಿ ಮೈಯಾಗೆ ಅಳಬಾರ್ದು ಕಣವ್ವ, ಕಣ್ಣಿನ ನರ ಹೋಗ್ಬಿಡ್ತದೆ. ನುಂಗ್ಕೋ" ಅಂದಳು. ನುಂಗಿಕೊಂಡಳು. ಅಳುವಿನ ಜೊತೆಗೆ ಮಾತನ್ನೂ.

28 ಜುಲೈ, ಭಾನುವಾರ

ಪಕ್ಕದ ಮನೆಯ ಗೋಪೀನಾಥ ಕಾಂಪೌಂಡಿನ ಮೇಲಿಂದಲೇ ಇಣುಕಿ ಉಪದೇಶ ಮಾಡಿದ. ಅವನೂ ಗುಲಾಬಿ ಇಡುತ್ತಾನೆ ಷೋಗೆ.

"ಜಡ್ಜು ನಿಮ್ಮ ಮರ ನೋಡಲ್ಲ ಸಾರ್, ಜೇಡನ ಬಲೆ ನೋಡ್ತಾರೆ. ಡಿ.ಡಿ.ಟಿ. ಹೊಡೀರಿ. ಒಂದೇ ಡೋಸು, ಫಿನಿಷ್!"

ಪೊಟ್ಟಣವನ್ನೂ ಅವನೇ ಕೊಟ್ಟ. ಮಲೇರಿಯಾದವರು ಗೋಡೆಗೆ ಹೊಡೆಯುವ ಅದೇ ಪುಡಿ. ಒಳಗಿನಿಂದ ಇವಳೂ ಸೇರಿಕೊಂಡಳು — ಜೇಡ ಮೈಮೇಲೆ ಹರಿದರೆ ಸರ್ಪಸುತ್ತು ಏಳುತ್ತದೆ, ಬಾಣಂತಿ ಇರೋ ಮನೆ, ನಿಮಗೆ ಆ ಕುಂಟ ಮರವೇ ಹೆಚ್ಚಾಯ್ತಾ, ಇತ್ಯಾದಿ. ಗಂಡ ಹೆಂಡತಿಗೆ ಅಪರೂಪಕ್ಕೆ ಒಮ್ಮತ. ಬಕೆಟ್ಟಿನಲ್ಲಿ ಕಲಸಿ, ಪಿಚಕಾರಿ ಹಿಡಿದು ಹೊರಟೆ.

ಜಗಲಿಯಲ್ಲಿ ಸತ್ಯ.

ಕೋಣೆ ಬಿಟ್ಟು ಯಾವಾಗ ಬಂದಳೋ. ಆಲದ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ನಾನು ಪಿಚಕಾರಿ ಎತ್ತಿದ್ದೇ ತಡ, ನನ್ನ ಮಣಿಕಟ್ಟು ಹಿಡಿದಳು.

"ಮುಟ್ಬೇಡ ಅಪ್ಪ."

ಧ್ವನಿ ಗೊಗ್ಗರಾಗಿತ್ತು. ಬಗ್ಗಿ ನೋಡಿದೆ. ಬೇರಿನ ಸಂದಿಯಲ್ಲಿ ಮಣ್ಣಿನ ಬಣ್ಣದ ಜೇಡ. ಬಲೆ ಕಟ್ಟುವ ಜಾತಿಯಲ್ಲ, ನೆಲದ ಮೇಲೆ ಓಡಾಡುವಂಥದು. ಹಿಂಭಾಗಕ್ಕೆ ಕಡಲೆ ಗಾತ್ರದ ಬಿಳಿ ಉಂಡೆ ಅಂಟಿಸಿಕೊಂಡಿದೆ. ಮೊಟ್ಟೆ.

ಬಕೆಟ್ಟನ್ನು ಹಿತ್ತಲಿನ ಮೂಲೆಗೆ ಒಯ್ದು ಗುಂಡಿ ತೋಡಿ ಸುರಿದುಬಿಟ್ಟೆ. ಷೋ ಹಾಳಾಗಿ ಹೋಗಲಿ. ಮಗಳು ಅಪ್ಪ ಅಂದಳು. ಸಂತೋಷಕ್ಕೆ ಒಂದು ಹೊತ್ತಿನ ಊಟ ಸೇರಲಿಲ್ಲ.

1 ಆಗಸ್ಟ್, ಗುರುವಾರ

ಸತ್ಯ ದಿನಾ ಜಗಲಿಗೆ ಬರುತ್ತಾಳೆ. ಇವಳು ಶೀತ, ಗಾಳಿ ಎಂದು ಕೂಗಾಡುತ್ತಾಳೆ. ನಾನು ಶಾಲು ಹೊದಿಸಿ, ಬಾಗಿಲಿಗೆ ಅಡ್ಡ ಕೂತು, ಪೇಪರ್ ಓದುವ ನಾಟಕ ಮಾಡುತ್ತೇನೆ.

ಇವತ್ತು ಅವಳಾಗಿಯೇ ಮಾತು ತೆಗೆದಳು. "ಎಲ್ ಹೋದ್ರೂ ಹೊತ್ಕೊಂಡೇ ಹೋಗ್ತದೆ ಅಪ್ಪ. ಒಂದ್ಸಲ ಕಳಚಿ ಬಿತ್ತು. ಹುಡುಕ್ಕೊಂಡು ಬಂದು ಮತ್ತೆ ಕಟ್ಕೊಂತು."

ಏನಾದರೂ ಹೇಳಬೇಕಾಗಿತ್ತು. ನಾನು ಹೇಳಿದ್ದು — ಈ ವರ್ಷ ಹೊಂಗೆ ಹಿಂಡಿ ಒಳ್ಳೆಯದು ಸಿಗುತ್ತಿಲ್ಲ, ಎಂದು. ಗೊಬ್ಬರದ ಮಾತು! ಹೇಡಿ ಮುದುಕ.

4 ಆಗಸ್ಟ್, ಭಾನುವಾರ

ಕೆಂಗೇರಿಯಿಂದ ಅಂಜಿನಯ್ಯ ಬಂದಿದ್ದ. ಬ್ರೆಡ್ಡು, ಕಿತ್ತಳೆ. ಅವಳ ಪಕ್ಕದಲ್ಲಿ ಕೂತು ತಾನೂ ಜೇಡ ನೋಡಿದ. ಒಳ್ಳೆಯ ಹುಡುಗ.

ಬಸ್ ಸ್ಟಾಪಿನಲ್ಲಿ ಕೇಳಿದ, "ಮಾವ, ಮಗು ವಿಷ್ಯ ಏನಾದ್ರೂ ಕೇಳಿದ್ಲಾ?"

"ಇಲ್ಲಪ್ಪ."

"ನಾನೇ ಹೇಳ್ಲಾ?"

"ಬೇಡ. ಮರೀತಾಳೆ. ಕೆದಕಬೇಡ."

ಬಸ್ಸು ಹೋದ ಮೇಲೂ ಅಲ್ಲೇ ನಿಂತಿದ್ದೆ. ಸರಿಯಾದ್ದನ್ನೇ ಹೇಳಿದೆನಾ?

10 ಆಗಸ್ಟ್, ಶನಿವಾರ. ಮಧ್ಯಾಹ್ನ

ಅಕ್ಷರ ಸೊಟ್ಟ.

ಶ್ರಾವಣ ಶನಿವಾರ. ತಿಮ್ಮಪ್ಪನ ಪೂಜೆ. ಇವಳು ನಸುಕಿನಲ್ಲೇ ಎದ್ದು ಮನೆ ಸಾರಿಸಿದಳು, ಸೂರಿನ ಜೇಡನ ಬಲೆ ಹೊಡೆದಳು, ಜಗಲಿ ತೊಳೆದಳು. ತೊಳೆಯುತ್ತ ತೊಳೆಯುತ್ತ ಕುಂಡಗಳಿಗೂ ಪೊರಕೆ ಹಾಕಿದಳು. ನಾನು ಸ್ನಾನಕ್ಕೆ ಹೋಗಿದ್ದೆ.

ಹೊರಗೆ ಬಂದಾಗ ಎಲ್ಲ ಮುಗಿದಿತ್ತು. ಜೇಡ ನೆಲದ ನೀರಿನಲ್ಲಿ ಮುದುರಿ ಬಿದ್ದಿತ್ತು. ಬಿಳಿ ಉಂಡೆ ಹಿಡಿಪೊರಕೆಗೆ ಸಿಕ್ಕಿ ಒಡೆದಿತ್ತು. ಇವಳ ಮೇಲೆ ಕೋಪ ಮಾಡುವುದು ಹೇಗೆ? ಮಗಳಿಗೆ ಸರ್ಪಸುತ್ತು ಆಗಬಾರದೆಂದೇ ಮಾಡಿದ್ದು.

ಸತ್ಯ ಬಂದು ನೋಡಿದಳು. ಕೂತಳು. ಆ ಒಡೆದದ್ದನ್ನು ಅಂಗೈಗೆ ತೆಗೆದುಕೊಂಡಳು. ಆಮೇಲೆ ಕೂಗಿದಳು. ಅಂಥ ಕೂಗು ಈ ಮನೆಯಲ್ಲಿ ಯಾರೂ ಕೂಗಿಲ್ಲ. ಹೆರುವಾಗಲೂ ಅವಳು ಹಾಗೆ ಕೂಗಿರಲಿಲ್ಲ.

"ಅಯ್ಯೋ, ಅಳಬೇಡ ಕಣೇ! ಕಣ್ಣು, ಕಣ್ಣು..." ಎನ್ನುತ್ತ ಇವಳು ಸೆರಗಿನಿಂದ ಮಗಳ ಬಾಯಿ ಮುಚ್ಚಲು ಓಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಎಂದೂ ಹಿಡಿಯದ ಹಾಗೆ ಇವಳ ತೋಳು ಹಿಡಿದು ನಿಲ್ಲಿಸಿದೆ.

"ಬಿಡೇ! ಅಳಲಿ! ಕಣ್ಣು ಹೋದ್ರೆ ಕೈ ಹಿಡಿದು ನಡೆಸ್ತೀನಿ. ಅಳಲಿ ಬಿಡು ಅದು."

ಗೋಪೀನಾಥನ ತಲೆ ಕಾಂಪೌಂಡಿನ ಮೇಲೆ ಕಾಣಿಸಿತು, ಮರೆಯಾಯಿತು. ಬುದ್ಧಿವಂತ.

ಇವಳು ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ಆ ಒದ್ದೆ ನೆಲದಲ್ಲೇ ಕುಸಿದು, ಮಗಳನ್ನು ಮಡಿಲಿಗೆ ಎಳೆದುಕೊಂಡು, ತಾನೂ ಅಳತೊಡಗಿದಳು. "ತಪ್ಪಾಯ್ತು ಕಣವ್ವ, ಅಳು, ಅಳು..." ಇವಳೂ ಅಷ್ಟು ದಿನ ನುಂಗಿಕೊಂಡೇ ಇದ್ದಳು. ನನಗೆ ಅದೂ ತಿಳಿಯಲಿಲ್ಲ.

ಪೂಜೆ ಆದಾಗ ಹೊತ್ತು ನೆತ್ತಿಗೇರಿತ್ತು. ತಿಮ್ಮಪ್ಪ ಕಾದಿರುತ್ತಾನೆ, ಅವನೂ ಮಕ್ಕಳೊಂದಿಗ.

11 ಆಗಸ್ಟ್, ಭಾನುವಾರ

ಸತ್ಯ ರಾತ್ರಿಯಿಡೀ ನಿದ್ದೆ ಮಾಡಿದಳು. ಬೆಳಿಗ್ಗೆ ರೊಟ್ಟಿ ಕೇಳಿ ತಿಂದಳು. ಆಲದ ಮೇಲುಕೊಂಬೆಯಲ್ಲಿ ಇನ್ನೊಂದು ಜೇಡ ಬಲೆ ಹಾಕಿದೆ. ನಾನೂ ಮುಟ್ಟಲಿಲ್ಲ, ಇವಳೂ ಮುಟ್ಟಲಿಲ್ಲ. ಷೋಗೆ ಗೋಪೀನಾಥನ ಗುಲಾಬಿಗಳೇ ಹೋಗಲಿ.

ಸಂಜೆ

ಗಿಡಗಳಿಗೆ ನೀರು ಹಾಕುತ್ತಿದ್ದೆ. ಸತ್ಯ ಬಂದು ಹಿಂದೆ ನಿಂತಳು.

"ಅಪ್ಪ, ಗಂಡೋ ಹೆಣ್ಣೋ?"

ಚೊಂಬು ಕೆಳಗಿಟ್ಟೆ. ಈ ಸಲ ಗೊಬ್ಬರದ ಮಾತು ಬರಲಿಲ್ಲ, ಸದ್ಯ.

"ಹೆಣ್ಣು ಕಣವ್ವ."

"ಕೂದಲಿತ್ತಾ?"

"ತುಂಬ ಇತ್ತು. ಹಣೆ ತನಕ."

"ಯಾರ ಥರ ಇದ್ಲು?"

"ನೀನು ಹುಟ್ದಾಗ ಹೆಂಗಿದ್ಯೋ, ಹಂಗೇ."

ಎಲ್ಲಿ ಮಣ್ಣು ಮಾಡಿದೆವು ಎಂದೂ ಕೇಳಿದಳು. ಹೇಳಿದೆ. ಅಂಜಿನಯ್ಯ ಬಂದ ಮೇಲೆ ಎಲ್ಲರೂ ಹೋಗೋಣ ಅಂದಳು. ಅತ್ತಳು, ಆದರೆ ನಿನ್ನೆಯ ಹಾಗಲ್ಲ.

ಆಮೇಲೆ ಹೇಳಿದ್ದು ಕೇಳಿ ನಾನು ಜಗಲಿ ಮೇಲೆ ಕೂತೆ. ಬಸುರಿಯಿದ್ದಾಗಲೇ ಎರಡು ಹೆಸರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳಂತೆ. ಗಂಡಾದರೆ ಒಂದು, ಹೆಣ್ಣಾದರೆ ಒಂದು.

"ಯಾವ ಹೆಸರು ಹಿಡಿದು ಅಳಬೇಕು ಅಂತ್ಲೇ ಗೊತ್ತಾಗ್ಲಿಲ್ಲ ಅಪ್ಪ."

ಹೆಸರು ಹೇಳಿದಳು. ನನಗೆ ಮೊದಲು, ಆಮೇಲೆ ಒಳಗೆ ಹೋಗಿ ಅಮ್ಮನಿಗೆ. ಈಗ ಒಳಗೆ ಇಬ್ಬರೂ ಅದನ್ನೇ ಮತ್ತೆ ಮತ್ತೆ ಕರೆದು ನೋಡುತ್ತಿದ್ದಾರೆ. ಇಲ್ಲಿಯೂ ಬರೆದಿಡೋಣವೆಂದು ಪೆನ್ನು ಹಿಡಿದು ಕೂತಿದ್ದೇನೆ. ನನ್ನ ಮೊಮ್ಮಗಳ ಹೆಸರು —